ಹೆರಿಗೆಗೆ ಮೊದಲೇ ಆಪರೇಶನ್ ಬಗ್ಗೆ ಬಸುರಿಗೆ ಎಲ್ಲ ಹೇಳಬೇಕೇ?

ಪರ: ಕತ್ತರಿ ಹಾಕುವ ಮೊದಲು ಹೇಳಿ
(ಶಿಕ್ಷಕಿ, ಜಮಖಂಡಿ)

ಬಸುರಿಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಪಪ್ಪಾಯಿ ತಿನ್ನಬೇಡ, ಗ್ರಹಣದಲ್ಲಿ ಹೊರಗೆ ಬರಬೇಡ, ಕೊಡ ಎತ್ತಬೇಡ. ಹೆರಿಗೆ ಕೋಣೆಯಲ್ಲಿ ಮೈಗೆ ಕತ್ತರಿ ಬೀಳಬಹುದು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ತಂಗಿಗೂ ಯಾರೂ ಹೇಳಲಿಲ್ಲ. 'ನಾರ್ಮಲ್ ಆತು, ದೇವ್ರ ದೊಡ್ಡಾಂವ' ಅಂತ ಮನೆಯವರು ಪೇಡೆ ಹಂಚಿದರು. ಅವಳು ಒಂದೇ ಮಗ್ಗುಲಿಗೆ ವಾಲಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಯಾಕೆ ಅಂತ ಕೇಳಿದೆ. 'ಅಕ್ಕಾ, ಕೆಳಗ ಹೊಲಿಗಿ ಹಾಕ್ಯಾರ. ಯಾವಾಗ ಕೊಯ್ದ್ರೋ ಗೊತ್ತ ಇಲ್ಲ' ಅಂದಳು. ಒಂದಕ್ಕೆ ಹೋದರೆ ಉರಿಯುತ್ತದೆ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಹೇಗೆ ತೊಳೆಯಬೇಕು, ಎಷ್ಟು ದಿನಕ್ಕೆ ಮಾಯುತ್ತದೆ, ಒಂದೂ ತಿಳಿದಿರಲಿಲ್ಲ. ಮಗು ಬರುವ ದಾರಿ ಹಿಗ್ಗಿಸಲು ಹಾಕುವ ಈ ಕಟ್ ಎಲ್ಲರಿಗೂ ಬೇಕಿಲ್ಲ. ರೂಢಿಯಂತೆ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಸಿಸೇರಿಯನ್ ಅಂತೂ ಈಗ ಮನೆಮನೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 31.5 ಹೆರಿಗೆಗಳು ಸಿಸೇರಿಯನ್. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4. ಇಷ್ಟಾಗಿಯೂ ಯಾಕೆ ಆಪರೇಶನ್ ಆಯಿತು ಅಂತ ಕೇಳಿ ನೋಡಿ. 'ನೀರು ಕಡಿಮಿ ಆಗಿತ್ತಂತ್ರಿ' ಅನ್ನುತ್ತಾರೆ. ಮುಂದಿನದು ನಾರ್ಮಲ್ ಆಗಬಹುದಾ? ಗೊತ್ತಿಲ್ಲ. ಡಿಸ್ಚಾರ್ಜ್ ಕಾರ್ಡ್ ಎಲ್ಲಿ? ಅದೂ ಗೊತ್ತಿಲ್ಲ. ಗರ್ಭಕೋಶವನ್ನು ಯಾಕೆ, ಹೇಗೆ ಕೊಯ್ದರು ಅನ್ನುವುದರ ಮೇಲೇ ಎರಡನೇ ಹೆರಿಗೆಯ ತೀರ್ಮಾನ ನಿಂತಿರುತ್ತದೆ, ಅಲ್ವಾ?

ಸಹಿಗೆ ಮಾತ್ರ ಗಂಡನನ್ನೋ ಅಪ್ಪನನ್ನೋ ಕರೆಯುತ್ತಾರೆ. ಹೆರಿಗೆಯದ್ದಲ್ಲದ ಒಂದು ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಹೆಂಗಸಿನ ಬದಲು ತಾಯಿ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿದೆ. ತುರ್ತಾಗಿ ಜೀವ ಉಳಿಸುವ ಮಾತು ಬೇರೆ.

ಮೊದಲೇ ಹೇಳಿದರೆ ಬಸುರಿ ಹೆದರುತ್ತಾಳೆ ಅನ್ನುವುದು ಬರೀ ನೆಪ. ಹಾಗನ್ನುವವರಿಗೆ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಮಲಗಿದ್ದರೆ ಸಾಕು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಪಾಳಿ ಕಾಯುತ್ತಾ ಕೂತಿರುತ್ತಾರೆ. ಅಲ್ಲೇ ಹತ್ತು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿ.

ವಿರೋಧ: ಎಲ್ಲ ಹೇಳಿದರೆ ಹೆದರಿಕೆಯೇ ಜಾಸ್ತಿ
(ನಿವೃತ್ತ ಸ್ಟಾಫ್ ನರ್ಸ್, ವಿಜಯಪುರ)

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ತಿಳಿವಳಿಕೆಯೇ ಬೇಡ ಅನ್ನಲು ನನ್ನಿಂದಾಗದು. ಆದರೆ ಹೊಟ್ಟೆ ಕೊಯ್ಯುವ ವಿವರವನ್ನೆಲ್ಲ ಕೇಳಿದ ಚೊಚ್ಚಲ ಬಸುರಿ ಒಂಬತ್ತನೇ ತಿಂಗಳಲ್ಲಿ ನಿದ್ದೆ ಮಾಡುತ್ತಾಳಾ?

ಒಂದು ರಾತ್ರಿ ತಾಂಡಾದಿಂದ ಒಬ್ಬಳನ್ನು 108ರಲ್ಲಿ ತಂದರು. ನೆಗೆಣ್ಣಿ ಹೇಳಿದ ಆಪರೇಶನ್ ಕಥೆ ಕೇಳಿ ಹೆದರಿ, ನೋವು ಬಂದರೂ ಬಾಯಿ ಬಿಟ್ಟಿರಲಿಲ್ಲ. ನೀರು ಒಡೆದು ಕರುಳಬಳ್ಳಿ ಮುಂದೆ ಜಾರಿತ್ತು. ಕೂಸಿನ ತಲೆ ಅದನ್ನು ಅದುಮಿದರೆ ರಕ್ತ ನಿಂತು ಕೂಸು ಹೋಗುತ್ತದೆ. ಗ್ಲೌಸ್ ಹಾಕಿದ ಕೈ ಒಳಗಿಟ್ಟು ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದೆ. ಸ್ಟ್ರೆಚರ್ ಥಿಯೇಟರಿಗೆ ಹೋಗುವಾಗಲೂ ಆ ಕೈ ತೆಗೆಯಲಿಲ್ಲ. ಡಾಕ್ಟರು ಕೂಸನ್ನು ಹೊರತೆಗೆಯುವಷ್ಟರಲ್ಲಿ ನನ್ನ ಬೆರಳು ಜೋಮು ಹಿಡಿದಿದ್ದವು. ಕೂಸು ಅತ್ತಿತು. ಆ ಹೊತ್ತಿನಲ್ಲಿ ಯಾರು ಯಾರಿಗೆ ಬಿಡಿಸಿ ಹೇಳಬೇಕು? ಗಂಡ ಸಹಿ ಹಾಕಿದ. ಸಹಿ ಯಾರದ್ದಾದರೇನು, ಎರಡು ಜೀವ ಉಳಿದವು. ಕೋರ್ಟು, ಕಾನೂನು ಅನ್ನುವವರು ಒಂದು ರಾತ್ರಿ ಹೆರಿಗೆ ವಾರ್ಡಿನಲ್ಲಿ ನಿಂತು ನೋಡಲಿ.

ಹೊಲಿಗೆಯ ಆರೈಕೆ, ಮುಂದಿನ ಬಸುರಿಗೆ ಬೇಕಾದ ಅಂತರ, ಇವನ್ನು ಹೆರಿಗೆಯಾದ ಮೇಲೆ ಹೇಳಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಮೊದಲೇ ಹೇಳುವುದಾದರೆ ನೋವು ಶುರುವಾದ ಕೂಡಲೇ ಬಾ, ರಕ್ತ ಕಂಡರೆ ಬಾ, ಕೂಸು ಮಿಸುಕಾಡದಿದ್ದರೆ ಬಾ ಅನ್ನುವುದನ್ನೇ ಒತ್ತಿ ಹೇಳಿ.