ರಮೋನ್ಸ್ ಅರ್ಜೆಂಟೀನಾದವರೇ, ಯಾರೇನೇ ಅನ್ನಲಿ

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆದು ಮುಗಿಸಿಬಿಡ್ತೀನಿ. ಗೆಳೆಯನ ಮನೆಯಲ್ಲಿ ಊಟ ಮುಗಿಸಿ ಕೂತಿದ್ವಿ. ನಾನಿದ್ದ ಮೇಲೆ ಗೊತ್ತಲ್ಲ, ಟಿವಿಯಲ್ಲಿ ರಮೋನ್ಸ್, ಅಮೆರಿಕದ ಪಂಕ್ ರಾಕ್ ಬ್ಯಾಂಡು. 1996ರಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಸ್ಟೇಡಿಯಂನಲ್ಲಿ ನಡೆದ ಕಾರ್ಯಕ್ರಮದ ವಿಡಿಯೋ. ಗೆಳೆಯನ ಮನೆಯಲ್ಲಿದ್ದ ಹಿರಿಯರೊಬ್ಬರು ಎರಡು ನಿಮಿಷ ನೋಡಿ, ಅದರಲ್ಲಿ ಕುಣಿಯುತ್ತಿದ್ದ ಪ್ರೇಕ್ಷಕರನ್ನು ತೋರಿಸಿ, "ಭಾಷೆ ಬರಲ್ಲ, ಅರ್ಥ ಆಗಲ್ಲ, ಅಮೆರಿಕದವರು ಅಂದರೆ ಸಾಕು, ಮೈಮೇಲೆ ದೇವರು ಬಂದವರ ಥರ ಕುಣೀತಾರೆ. ಗುಲಾಮಗಿರಿ ಅಂದ್ರೆ ಇದೇ" ಅಂದುಬಿಟ್ಟರು. ಅವರ ವಯಸ್ಸಿಗೆ ಮರ್ಯಾದೆ ಕೊಟ್ಟು ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಅಮೆರಿಕದವರು ಅಂತ ಪ್ರೀತಿಸಿದರಂತೆ! ಅಮೆರಿಕಕ್ಕೇ ಬೇಡವಾಗಿದ್ದವರು ಅವರು. ನ್ಯೂಯಾರ್ಕಿನ ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಬಡಾವಣೆಯ ನಾಲ್ಕು ಹುಡುಗರು. ಅಣ್ಣತಮ್ಮಂದಿರಲ್ಲ, ಆದರೂ ಎಲ್ಲರೂ ರಮೋನ್ ಅಂತಲೇ ಹೆಸರಿಟ್ಟುಕೊಂಡರು. 1976ರಲ್ಲಿ ಬಂದ ಮೊದಲ ಆಲ್ಬಮ್‌ಗೆ ಖರ್ಚಾಗಿದ್ದು ಸುಮಾರು 6,400 ಡಾಲರ್. 14 ಹಾಡು, 29 ನಿಮಿಷ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 111ನೇ ಸ್ಥಾನಕ್ಕಿಂತ ಮೇಲೆ ಏರಲೇ ಇಲ್ಲ. 1980ರಲ್ಲಿ ಫಿಲ್ ಸ್ಪೆಕ್ಟರ್‌ನಂಥ ದೊಡ್ಡ ನಿರ್ಮಾಪಕನನ್ನು ಕರೆಸಿ ಆಲ್ಬಮ್ ಮಾಡಿಸಿದರೂ 44ಕ್ಕೆ ನಿಂತಿತು. ವ್ಯಾನಿನಲ್ಲಿ ಊರೂರು ಅಲೆದು ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಬಾರಿಸಿಯೇ ಅವರ ಬದುಕು ಕಳೆಯಿತು.

ಅದೇ 1976ರಲ್ಲಿ ಅರ್ಜೆಂಟೀನಾದಲ್ಲಿ ಏನಾಯಿತು ನೋಡಿ. ಮಾರ್ಚ್ 24ಕ್ಕೆ ಸೇನೆ ಅಧಿಕಾರ ಕಿತ್ತುಕೊಂಡಿತು. ರಮೋನ್ಸ್ ಆಲ್ಬಮ್ ಬಂದದ್ದು ಅದರ ಮುಂದಿನ ತಿಂಗಳು. ಆಮೇಲೆ ಏಳು ವರ್ಷ ಜನ ಮನೆಯಿಂದಲೇ ಕಾಣೆಯಾದರು. 30,000 ಜನ ಅನ್ನುತ್ತವೆ ಅಲ್ಲಿನ ಮಾನವ ಹಕ್ಕು ಸಂಘಟನೆಗಳು. 1982ರಲ್ಲಿ ಬ್ರಿಟನ್ ಜೊತೆ ಮಾಲ್ವಿನಾಸ್ (ಫಾಕ್‌ಲ್ಯಾಂಡ್ ದ್ವೀಪಗಳ) ಯುದ್ಧ ಶುರುವಾದಾಗ ರೇಡಿಯೋದಲ್ಲಿ ಇಂಗ್ಲಿಷ್ ಹಾಡೇ ನಿಂತುಹೋಯಿತು. 1983ರ ಕೊನೆಗೆ ಪ್ರಜಾಪ್ರಭುತ್ವ ಬಂತು, ನಿಜ. ಆದರೆ 1989ರಲ್ಲಿ ಹಣದುಬ್ಬರ ವರ್ಷಕ್ಕೆ 3,000 ಪ್ರತಿಶತ ದಾಟಿ, ಹಸಿದ ಜನ ಅಂಗಡಿ ಲೂಟಿ ಮಾಡಿದರು. ಪೊಲೀಸರಂತೂ ಬದಲಾಗಲೇ ಇಲ್ಲ. 1991ರ ಏಪ್ರಿಲ್‌ನಲ್ಲಿ ಬ್ಯೂನಸ್ ಐರಿಸ್‌ನ ಓಬ್ರಾಸ್ ಸ್ಟೇಡಿಯಂನಲ್ಲಿ ಒಂದು ಸ್ಥಳೀಯ ರಾಕ್ ಕಾರ್ಯಕ್ರಮ. ಹೊರಗಡೆ ಪೊಲೀಸರು ಹುಡುಗರನ್ನು ಗುಂಪುಗುಂಪಾಗಿ ಹಿಡಿದು ಒಯ್ದರು. ಅದರಲ್ಲಿ ವಾಲ್ಟರ್ ಬುಲಾಸಿಯೊ ಅನ್ನುವ 17 ವರ್ಷದ ಹುಡುಗನೂ ಇದ್ದ. ಠಾಣೆಯಲ್ಲಿ ಹೊಡೆದರು. ವಾರದೊಳಗೆ ಸತ್ತ. ಆ ಕೇಸು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋಗಿ, 2003ರಲ್ಲಿ ತೀರ್ಪು ಬಂತು.

ಆ ಹುಡುಗನ ಓರಗೆಯವರು ಸ್ವಾಮಿ ರಮೋನ್ಸ್ ಮುಂದೆ ಕುಣಿದದ್ದು. ಅದೇ ಓಬ್ರಾಸ್‌ನಲ್ಲಿ. ಹಾಡು ಕೇಳೋಕೆ ಹೋದದ್ದಕ್ಕೆ ಪ್ರಾಣ ಹೋಗಬಹುದಾದ ಊರಲ್ಲಿ ಮತ್ತೆ ಹಾಡು ಕೇಳೋಕೆ ಹೋದವರನ್ನು ಗುಲಾಮರು ಅಂತೀರಾ?

ಅರ್ಥ ಆಗಲ್ಲ ಅನ್ನೋ ಮಾತಿಗೆ ಬರ್ತೀನಿ. ವಿಡಿಯೋದಲ್ಲಿ ಗಿಟಾರ್ ಬಾರಿಸುವ ಜಾನಿಯ ಬಲಗೈ ನೋಡಿ. ಗಿಟಾರ್ ಮೊಣಕಾಲ ಹತ್ತಿರಕ್ಕೆ ಜೋತಿದೆ, ಕೈ ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ಅಷ್ಟೇ. ಕೆಳಗಿನಿಂದ ಮೇಲಕ್ಕೆ ಮೀಟೋದು ತೀರಾ ಅಪರೂಪ. ಅಷ್ಟು ವೇಗದಲ್ಲಿ ಒಂದು ಗಂಟೆ ಹಾಗೆ ಬಾರಿಸೋದು ಎಷ್ಟು ಕಷ್ಟ ಅಂತ ಗಿಟಾರ್ ಹಿಡಿದವರಿಗೆ ಗೊತ್ತು. ಕಾಲೇಜು ಬ್ಯಾಂಡಿನಲ್ಲಿ ನನ್ನ ಮುಂಗೈ ಮೂರನೇ ಹಾಡಿಗೇ ಮರಗಟ್ಟುತ್ತಿತ್ತು. ಒಂದು ಹಾಡು ಮುಗಿದು ಚಪ್ಪಾಳೆ ಏಳುವ ಮೊದಲೇ ಬಾಸ್ ಬಾರಿಸುವವನು "ಒನ್ ಟೂ ತ್ರೀ ಫೋರ್" ಅಂತ ಕಿರುಚುತ್ತಾನೆ, ಮುಂದಿನದು ಶುರು. ಇದರಲ್ಲಿ ಅರ್ಥವಾಗದ್ದು ಏನಿದೆ?

ಮತ್ತೆ ಆ ವೇಷ. ಹರಿದ ಜೀನ್ಸ್, ಕ್ಯಾನ್ವಾಸ್ ಶೂ, ಟೀ ಶರ್ಟ್. ಬ್ಯೂನಸ್ ಐರಿಸ್‌ನ ಕಾರ್ಖಾನೆ ಪಕ್ಕದ ಬಡಾವಣೆಯ ಹುಡುಗನ ಹತ್ತಿರ ಅದಾಗಲೇ ಇತ್ತು. ಗಿಟಾರಿನ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಕಲಿತರೆ ತಾನೂ ಹಾಡು ಕಟ್ಟಬಹುದು ಅನ್ನಿಸಿತು, ಕಟ್ಟಿದರು ಕೂಡ. ಅಟಾಕೆ 77, ದೋಸ್ ಮಿನುಟೋಸ್, ಹೀಗೆ ಬ್ಯಾಂಡು ಮೇಲೆ ಬ್ಯಾಂಡು ಎದ್ದವು, ತಮ್ಮ ಸ್ಪ್ಯಾನಿಷ್‌ನಲ್ಲಿ, ತಮ್ಮ ಬೀದಿಗಳ ಬಗ್ಗೆ, ತಮ್ಮ ಪೊಲೀಸರ ಬಗ್ಗೆ ಹಾಡಿದವು. ಹೊರಗಿನ ಹೆಪ್ಪು ಹಾಕಿದರೂ ಮೊಸರಾಗೋದು ಮನೆಯ ಹಾಲೇ. ಪ್ರೇಕ್ಷಕರಂತೂ ಫುಟ್‌ಬಾಲ್ ಗ್ಯಾಲರಿಯ ಘೋಷಣೆಗಳನ್ನೇ ರಮೋನ್ಸ್ ಹೆಸರಿಗೆ ಹೊಂದಿಸಿ ಹಾಡಿದರು.

ಕೆಲವರು ಇನ್ನೊಂದು ಲೆಕ್ಕ ತೆಗೀತಾರೆ. 1991ರಲ್ಲಿ ಅರ್ಜೆಂಟೀನಾ ಸರ್ಕಾರ ತನ್ನ ಕರೆನ್ಸಿಯನ್ನು ಡಾಲರಿಗೆ ಕಟ್ಟಿಹಾಕಿತು, ಮರುವರ್ಷ ಹೊಸ ಪೆಸೊ ಬಂದಾಗ ಒಂದು ಪೆಸೊಗೆ ಒಂದು ಡಾಲರ್, ಹಾಗಾಗಿ ವಿದೇಶಿ ಬ್ಯಾಂಡುಗಳನ್ನು ಕರೆಸೋದು ಸುಲಭವಾಯಿತು, ಇದೆಲ್ಲ ವ್ಯಾಪಾರ ಅಂತ. ಸರಿ, ಒಪ್ಪಿದೆ, ವಿಮಾನದ ಟಿಕೆಟ್ ಅದರಿಂದ ಬಂತು. ಪ್ರೀತಿ ಎಲ್ಲಿಂದ ಬಂತು? ಡಾಲರಿನಿಂದಲೇ ಹುಟ್ಟೋದಾಗಿದ್ದರೆ ಡಾಲರಿನ ತವರಿನಲ್ಲೇ ಹುಟ್ಟಬೇಕಿತ್ತು. ರಮೋನ್ಸ್ ಅಲ್ಲಿಗೆ ಮೊದಲು ಹೋದದ್ದು 1987ರಲ್ಲಿ, ಆ ಲೆಕ್ಕಾಚಾರ ಶುರುವಾಗುವುದಕ್ಕೆ ನಾಲ್ಕು ವರ್ಷ ಮುಂಚೆ. ಬಂದುಹೋದ ದೊಡ್ಡ ಬ್ಯಾಂಡುಗಳು ಬೇರೆಯೂ ಇದ್ದವು. ಇವರು ಮತ್ತೆ ಮತ್ತೆ ಬಂದರು. ರೋಲಿಂಗ್ ಸ್ಟೋನ್ಸ್ ಅಲ್ಲಿ ಮೊದಲ ಸಲ ಹಾಡಿದ್ದೇ 1995ರಲ್ಲಿ. ಅಷ್ಟರಲ್ಲಿ ರಮೋನ್ಸ್, ಅಭಿಮಾನಿಗಳ ನೂಕುನುಗ್ಗಲಿಗೆ ಹೋಟೆಲಿನಿಂದ ಹೊರಗೆ ಕಾಲಿಡಲಾರದಷ್ಟು ಆ ಊರಿನವರಾಗಿಬಿಟ್ಟಿದ್ದರು.

ಇನ್ನು ವಿಡಿಯೋದಲ್ಲಿರೋ ಆ ರಿವರ್ ಪ್ಲೇಟ್ ಸ್ಟೇಡಿಯಂ. 1978ರಲ್ಲಿ ಸೇನಾಡಳಿತ ಫುಟ್‌ಬಾಲ್ ವಿಶ್ವಕಪ್ ಫೈನಲ್ ಆಡಿಸಿ ಮೆರೆದದ್ದು ಅದೇ ಅಂಗಳದಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ನೌಕಾಪಡೆಯ ಶಾಲೆ, ಎಸ್ಮಾ. ಆ ಹೊತ್ತಿಗೆ ಅದರೊಳಗೆ ಜನರನ್ನು ಕೂಡಿಹಾಕಿ ಹಿಂಸೆ ಕೊಡುತ್ತಿದ್ದರು. 1996ರ ಮಾರ್ಚ್ 16ರಂದು ಅದೇ ಅಂಗಳದಲ್ಲಿ ಹತ್ತಾರು ಸಾವಿರ ಹುಡುಗ ಹುಡುಗಿಯರು ಯಾರ ಅಪ್ಪಣೆಯೂ ಇಲ್ಲದೆ ಗಂಟಲು ಹರಿಯುವಷ್ಟು ಕೂಗಿದರು. ನನಗೆ ಆ ವಿಡಿಯೋ ನೋಡಿದಾಗಲೆಲ್ಲ ಕಣ್ಣು ತುಂಬುತ್ತೆ. ನಿನ್ನೆಯೂ ತುಂಬಿತ್ತು, ಆಗಲೇ ಆ ಮಾತು ಕಿವಿಗೆ ಬಿದ್ದದ್ದು.

ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿರೋದೇ ನನಗೆ ಸಂಕಟ. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ಬಂದಾಗ ಕೊಹಿಮಾ, ಶಿಲ್ಲಾಂಗ್ ಕಡೆಯಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದ ಹುಡುಗರ ಪಕ್ಕ ನಾನು ನಿಂತಿದ್ದೆ. ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ಕವರ್ ಮೇಲೆ ಬಾಲ್‌ಪೆನ್ನಿನಲ್ಲಿ ಹಾಡುಗಳ ಹೆಸರು ಬರೆದುಕೊಂಡು ಕೇಳಿದ್ದ ನಾವು, ಹೆಸರಾಂತ ಬ್ಯಾಂಡುಗಳೆಲ್ಲ ನಮ್ಮನ್ನು ಬಿಟ್ಟು ಸಿಂಗಾಪುರ, ಜಪಾನಿಗೆ ಹೋಗೋದನ್ನೇ ನೋಡ್ತಾ ಬೆಳೆದವರು. ನಮ್ಮ ಊರಿಗೆ ಅಂತ ಬಂದರು ನೋಡಿ, ಅದನ್ನು ಮರೆಯೋಕಾಗುತ್ತಾ?

ಜಾನಿಯ ರಾಜಕೀಯ ನನಗೆ ಚೂರೂ ಹಿಡಿಸಲ್ಲ. 2002ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವದ ವೇದಿಕೆಯ ಮೇಲೆ ನಿಂತು ಅಧ್ಯಕ್ಷ ಬುಷ್‌ಗೆ ದೇವರು ಒಳ್ಳೆಯದು ಮಾಡಲಿ ಅಂದವನು ಅವನು. ಆದರೂ ಕೆಲಸ ಕಳಕೊಂಡು, ಮನೆಯಲ್ಲಿ ಹೇಳಲಾರದೆ, ದಿನಾ ಬೆಳಗ್ಗೆ ಡಬ್ಬಿ ಹಿಡಿದು ಮೆಜೆಸ್ಟಿಕ್ ಬಸ್ ಹತ್ತುತ್ತಿದ್ದ ದಿನಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಆ ಮೊದಲ ಆಲ್ಬಮ್‌ನ 29 ನಿಮಿಷಗಳೇ. ಇದನ್ನು ಇವತ್ತಿನವರೆಗೂ ಇಲ್ಲಿ ಬರೆದಿರಲಿಲ್ಲ.

ಆ ಆಲ್ಬಮ್‌ಗೆ ಅಮೆರಿಕದಲ್ಲಿ ಗೋಲ್ಡ್ ಮಾನ್ಯತೆ (ಐದು ಲಕ್ಷ ಪ್ರತಿಗಳ ಲೆಕ್ಕ) ಸಿಕ್ಕಿದ್ದು 2014ರಲ್ಲಿ, 38 ವರ್ಷದ ಮೇಲೆ. ಅಷ್ಟೊತ್ತಿಗೆ ಮೊದಲ ನಾಲ್ವರಲ್ಲಿ ಜೋಯಿ, ಡೀ ಡೀ, ಜಾನಿ ಮೂವರೂ ತೀರಿಹೋಗಿಯಾಗಿತ್ತು. ಅದೇ ವರ್ಷ ಜುಲೈನಲ್ಲಿ ಟಾಮಿಯೂ ಹೋದ. ಬ್ಯೂನಸ್ ಐರಿಸ್‌ನ ಹುಡುಗರು ಅವರಿಗೆ ಕೊಡಬೇಕಾದ್ದನ್ನು ಅವರು ಬದುಕಿದ್ದಾಗಲೇ, ಕಣ್ಣೆದುರೇ ಕೊಟ್ಟಿದ್ದರು.