ದೃಢೀಕರಣ ಆದಮೇಲೆ ಯಾರು ಕೇಳುತ್ತಾರೆ?

ಪುಣೆಯಲ್ಲಿ ನಾನು ನೋಡುವ ಕ್ರೈಸ್ತ ಸಭೆಗಳಲ್ಲಿ ಶಿಷ್ಯತ್ವ, ಅಂದರೆ ಯೇಸುವಿನ ದಾರಿಯಲ್ಲಿ ನಡೆಯಲು ಕಲಿಸುವುದು, ನಡೆಯುವುದು ಮೂವರ ಕೂಟದಲ್ಲಿ. ವಿಶ್ವಾಸದಲ್ಲಿ ಬಲಿತ ಒಬ್ಬರು, ಇಬ್ಬರು ಕಿರಿಯರು, ವಾರಕ್ಕೊಮ್ಮೆ ಒಂದೂಕಾಲು ಗಂಟೆ. ನಮ್ಮ ತುಮಕೂರು, ಗುಬ್ಬಿ ಕಡೆ ಭಾನುವಾರದ ಪ್ರಸಂಗ, ಸಂಡೇ ಸ್ಕೂಲ್, ದೃಢೀಕರಣದ (ದೊಡ್ಡವರಾದ ಮಕ್ಕಳು ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ವಿಧಿ) ತರಗತಿ ಇವೆ. ಆದರೆ ಮೊದಲ ಪ್ರಭುಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡ ಮಕ್ಕಳನ್ನು ಆಮೇಲೆ ಕೂರಿಸಿಕೊಂಡು ಕೇಳುವವರು ಕಡಿಮೆ. ಓದಲು ಬೆಂಗಳೂರಿಗೆ ಹೋದರಂತೂ ಕ್ರಿಸ್‌ಮಸ್‌ಗೇ ಸಿಗುವುದು. ಇಲ್ಲಿ ಊರಿನವರು ಮೂವರ ಕೂಟ ಹಿಡಿಯಲೇಬೇಕು.

ಇದು ನಮಗೆ ಹೊಸದೂ ಅಲ್ಲ. 19ನೇ ಶತಮಾನದಲ್ಲಿ ಗುಬ್ಬಿ, ತುಮಕೂರಿಗೆ ಬಂದದ್ದು ವೆಸ್ಲಿಯನ್ ಮಿಷನ್, ಇಂಗ್ಲೆಂಡಿನ ಜಾನ್ ವೆಸ್ಲಿಯ ಮೆಥಡಿಸ್ಟ್ ಪಂಥದವರು. ಅವರ ಮೂಲದಲ್ಲೇ ಇದಿದೆ: 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಹನ್ನೆರಡು ಜನರಿಗೊಬ್ಬ ಮುಖಂಡನನ್ನು ಮಾಡಿ, ವಾರಕ್ಕೆ ತಲಾ ಒಂದು ಪೆನ್ನಿ ಸೇರಿಸಲು ಮನೆಮನೆಗೆ ಕಳಿಸಿದರು. ಹಣಕ್ಕೆಂದು ಹೋದವರಿಗೆ ಕೆಲವರ ನಡತೆ ಹಳಿತಪ್ಪಿದ್ದು ಕಂಡಿತು. ಅಲ್ಲಿಂದ ಅದು ಒಬ್ಬರನ್ನೊಬ್ಬರು ತಿದ್ದುವ ಕೂಟವಾಯಿತು.

ಶುರುವಿಗೆ ಬೈಬಲಿನ ಮಾರ್ಕನ ಸುವಾರ್ತೆ ಸಾಕು. ವಾರಕ್ಕೊಂದು ಅಧ್ಯಾಯ, 14ನೆಯದರಲ್ಲಿ 72 ವಚನಗಳಿರುವುದರಿಂದ ಅದಕ್ಕೆ ಎರಡು ವಾರ. ಮೊದಲ 15 ನಿಮಿಷ ಹೋದ ವಾರ ಒಪ್ಪಿಕೊಂಡದ್ದರ ವಿಚಾರಣೆ, 30 ನಿಮಿಷ ಓದು, 20 ನಿಮಿಷ ಈ ವಾರ ಮಾಡಬೇಕಾದ್ದು, ಕೊನೆಗೆ ಪ್ರಾರ್ಥನೆ. ಸಮಯ ಕಮ್ಮಿಯಾದರೆ ಎಲ್ಲರೂ ಬಿಡುವುದು ಮೊದಲ 15 ನಿಮಿಷವನ್ನೇ, ಕೂಟ ಸಾಯುವುದೂ ಅಲ್ಲೇ. “ಅರ್ಥ ಆಯ್ತಾ?” ಎಂದರೆ “ಆಯ್ತಣ್ಣ” ಎನ್ನುತ್ತಾರೆ, ಸತ್ಯವೇದ ಮುಚ್ಚಿಸಿ ಅವರ ಮಾತಲ್ಲೇ ಹೇಳಿಸಬೇಕು. ಕ್ಷಮಿಸುವ ಮಾತಿರುವ 11ನೇ ಅಧ್ಯಾಯ ಓದಿ “ಎಲ್ಲರನ್ನೂ ಕ್ಷಮಿಸ್ತೀನಿ” ಅಂದರೆ ಏನೂ ನಡೆಯುವುದಿಲ್ಲ. “ಶನಿವಾರದೊಳಗೆ ತಮ್ಮನ ಹತ್ತಿರ ಮಾತಾಡ್ತೀನಿ” ಅಂದರೆ ಮುಂದಿನ ವಾರ ಕೇಳಬಹುದು.

ಆದರೆ ಪುಣೆಯ ಕೂಟದಲ್ಲಿ ಹಿರಿಯನಿಗೆ ಕಿರಿಯನ ಆ ಒಂದೂಕಾಲು ಗಂಟೆ ಮಾತ್ರ ಗೊತ್ತು. ಯೇಸು ಹನ್ನೆರಡು ಮಂದಿಯನ್ನು ನೇಮಿಸಿದ್ದು ಮೊದಲು ತನ್ನ ಸಂಗಡ ಇರಲಿಕ್ಕೆ, ಆಮೇಲೆ ಕಳುಹಿಸಲಿಕ್ಕೆ. ಸಂಗಡ ಇರುವುದು ನಮ್ಮೂರುಗಳಲ್ಲಿ ಇನ್ನೂ ಸುಲಭ: ಹಿರಿಯ ತನ್ನ ಹೆಂಡತಿಯೊಡನೆ ಹೇಗೆ ಮಾತಾಡುತ್ತಾನೆ, ಕೂಲಿ ಎಷ್ಟು ಹೊತ್ತಿಗೆ ಕೊಡುತ್ತಾನೆ, ಎಲ್ಲವೂ ಕಾಣುತ್ತದೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಕಿರಿಯನನ್ನೂ ಕರೆದೊಯ್ಯಿರಿ. ಮೊದಲ ಸಲ ನೋಡಲಿ, ಮುಂದಿನ ಸಲ ಪ್ರಾರ್ಥನೆ ಅವನೇ ಮಾಡಲಿ, ಆಮೇಲೆ ಇನ್ನೊಬ್ಬನನ್ನು ಕರೆದುಕೊಂಡು ಅವನೇ ಹೋಗಲಿ. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಹೇಳಿದ್ದೂ ಇದನ್ನೇ: ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಬೇರೆಯವರಿಗೆ ಕಲಿಸಲಿ.

ಹಿರಿಯರಿಗೂ ಒಂದು ಮಿತಿ ಇರಬೇಕು. ಮದುವೆ, ಕೆಲಸ, ಹಣದ ವಿಷಯದಲ್ಲಿ ತೀರ್ಮಾನ ಕೊಡುವುದು ಅವರ ಕೆಲಸವಲ್ಲ. ಹೆಣ್ಣುಮಕ್ಕಳಿಗೆ ಸಭೆಯ ಅಕ್ಕಂದಿರೇ ಇರಲಿ. ಕೂಟದ ಮಾತು ಹೊರಗೆ ಹೋಗಬಾರದು. ಮಗುವಿಗೋ ಯಾರ ಜೀವಕ್ಕೋ ಅಪಾಯವಿದ್ದರೆ ಮಾತ್ರ ಮುಚ್ಚಿಡಬಾರದು, ಇದನ್ನು ಮೊದಲ ದಿನವೇ ಹೇಳಿಬಿಡಿ. ರಾಗಿ ಕಟಾವು, ಒಕ್ಕಣೆ ಮುಗಿದ ಮೇಲೆ, ಜನವರಿಯಲ್ಲಿ ಶುರು ಮಾಡಿ. ವಿದ್ಯಾರ್ಥಿಗಳಿದ್ದರೆ ಪರೀಕ್ಷೆಯ ವಾರಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿ.