ಕ್ವಿನೋವಾದಲ್ಲಿ ಕಾರ್ಬೋಹೈಡ್ರೇಟ್ ಇಲ್ಲ ಅನ್ನೋದು ಸುಳ್ಳು

"ಕ್ವಿನೋವಾದಲ್ಲಿ ಕಾರ್ಬೋಹೈಡ್ರೇಟ್ ಇಲ್ಲವೇ ಇಲ್ಲ, ಶುಗರ್ ಇರುವವರು ಎಷ್ಟು ಬೇಕಾದರೂ ತಿನ್ನಬಹುದು, ತೊಳೆಯುವುದೂ ಬೇಡ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಕ್ವಿನೋವಾ ಅಂದರೆ ಅನ್ನದ ಹಾಗೆ ಬೇಯಿಸಿ ತಿನ್ನುವ ಒಂದು ಸಣ್ಣ ಕಾಳು.

ಬೇಯಿಸಿದ 100 ಗ್ರಾಂ ಕ್ವಿನೋವಾದಲ್ಲಿ ಸುಮಾರು 21 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಬಿಳಿ ಅನ್ನದಲ್ಲಿ ಸುಮಾರು 28. ಕಡಿಮೆ ನಿಜ, ಪ್ರೋಟೀನ್ ಮತ್ತು ನಾರು ಜಾಸ್ತಿ ಅನ್ನೋದೂ ನಿಜ. ಹಾಗಂತ ತಟ್ಟೆ ತುಂಬ ಬಡಿಸಿಕೊಂಡರೆ ಶುಗರ್ ಏರದೇ ಇರುತ್ತಾ? ಅನ್ನದ ಹಾಗೆ ಇದಕ್ಕೂ ಅಳತೆ ಬೇಕು.

ಇನ್ನು ತೊಳೆಯುವ ವಿಷಯ. ಕಾಳಿನ ಮೇಲೆ ಸಪೋನಿನ್ ಎಂಬ ಕಹಿ ಅಂಶ ಇರುತ್ತದೆ. ನೀರಲ್ಲಿ ಉಜ್ಜಿದರೆ ಸೋಪಿನ ಹಾಗೆ ನೊರೆ ಬರುತ್ತದೆ. ಕಾಳು ತುಂಬಾ ಸಣ್ಣದು, ಸುಮ್ನೆ ನೀರು ಬಗ್ಗಿಸಿದರೆ ಅರ್ಧ ಸಿಂಕಿಗೆ ಹೋಗುತ್ತದೆ. ಸಣ್ಣ ಕಣ್ಣಿನ ಜರಡಿಗೆ ಹಾಕಿ, ನೊರೆ ನಿಲ್ಲುವವರೆಗೆ ತೊಳೆಯಿರಿ. ಒಂದು ಲೋಟಕ್ಕೆ ಎರಡು ಲೋಟ ನೀರು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಕಾಳು ಅರಳಿ ಪಕ್ಕದಲ್ಲಿ ಬಿಳಿ ಎಳೆ ಸುರುಳಿ ಬಿಟ್ಟರೆ ಬೆಂದಿದೆ ಎಂದರ್ಥ. ಅದು ಹುಳು ಅಲ್ಲ, ಮೊಳಕೆಯ ಭಾಗ.

ಆರಿದ ಮೇಲೆ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ನೋಡಿ, ಉದುರುದುರಾಗಿ ಬರುತ್ತದೆ. ಬೀನ್ಸ್, ಕ್ಯಾರೆಟ್ ಧಾರಾಳವಾಗಿ ಹಾಕಿ.